ಟಿಕೆಟ್ ಬುಕ್ ಆದ ದಿನವೇ ಶುರು ಮಾಡಿ

ಕೇಳುಗರಿಗೆ ನಮಸ್ಕಾರ.

ನಮ್ಮ ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಗಂಡ ದುಬೈಯಲ್ಲೋ ಮಸ್ಕತ್ತಿನಲ್ಲೋ ದುಡಿಯುತ್ತಾನೆ, ಇಲ್ಲವೇ ಹಡಗಿನಲ್ಲಿರುತ್ತಾನೆ. ಈ ಸಲದ ರಜೆಯಲ್ಲಿ ಮಗುವಿಗೆ ಪ್ರಯತ್ನಿಸೋಣ ಎಂದು ಇಬ್ಬರೂ ಫೋನಿನಲ್ಲೇ ಮಾತಾಡಿಕೊಂಡಿರುತ್ತಾರೆ. ಅಂಥ ಹೆಣ್ಣುಮಕ್ಕಳಿಗೆ ನನ್ನದೊಂದು ಮಾತು: ಅವರ ವಿಮಾನದ ಟಿಕೆಟ್ ಬುಕ್ ಆದ ದಿನವೇ ನೀವು ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿ. ಕಡಿಮೆಯೆಂದರೂ ಒಂದು ತಿಂಗಳು ಮೊದಲು. ಎರಡು ಮೂರು ತಿಂಗಳಾದರೆ ಇನ್ನೂ ಒಳ್ಳೆಯದು. ಗಂಡ ಊರಲ್ಲೇ ಇರುವವರಿಗೂ ಲೆಕ್ಕ ಇದೇ, ಮಗು ಬೇಕು ಎಂದು ನಿಶ್ಚಯಿಸಿದ ದಿನವೇ ಶುರು.

ಬಸಿರು ನಿಂತ ಮೇಲೆ ನುಂಗಿದರೆ ಸಾಲದೇ? ಸಾಲದು. ಮಗುವಿನ ಮೆದುಳು, ಬೆನ್ನುಹುರಿ ಮೊದಮೊದಲು ಚಪ್ಪಟೆ ಪದರವಾಗಿರುತ್ತವೆ. ಅದರ ಎರಡು ಅಂಚುಗಳು ಮೇಲೆದ್ದು, ಕೂಡಿಕೊಂಡು ಕೊಳವೆಯಾಗಬೇಕು. ಅಷ್ಟಮಿಗೆ ಇಡ್ಲಿ ಹಿಟ್ಟು ಹೊಯ್ಯುವ ಓಲೆಯ ಮೂಡೆ ಕಟ್ಟಿ ಗೊತ್ತಿದ್ದವರಿಗೆ ಇದು ಬೇಗ ತಿಳಿದೀತು. ಓಲೆಯ ಅಂಚು ಸರಿಯಾಗಿ ಕೂಡದಿದ್ದರೆ ಹಿಟ್ಟು ಹೊರಗೆ. ಈ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನಗಳೊಳಗೆ. ಅಂದರೆ ಮುಟ್ಟು ತಪ್ಪಿ ಎರಡು ವಾರವಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಎಷ್ಟೋ ಮಂದಿ ಆಗಿನ್ನೂ ಪರೀಕ್ಷೆಯನ್ನೇ ಮಾಡಿಸಿರುವುದಿಲ್ಲ. ಜೀವಕೋಶಗಳು ಆ ವೇಗದಲ್ಲಿ ಒಡೆದು ಬೆಳೆಯಲು ಫೋಲೇಟ್ ಎಂಬ ವಿಟಮಿನ್ ಬೇಕೇ ಬೇಕು. ಫೋಲಿಕ್ ಆಸಿಡ್ ಎಂದರೆ ಅದೇ, ಮಾತ್ರೆಯ ರೂಪದಲ್ಲಿ.

ಕೊಳವೆ ಕೆಳಗಡೆ ಮುಚ್ಚದೆ ಉಳಿದರೆ ಮಗುವಿನ ಕಾಲಿನ ಬಲ, ಮಲಮೂತ್ರದ ಹಿಡಿತ ಹೋಗಬಹುದು. ತಲೆಯ ಕಡೆ ಮುಚ್ಚದಿದ್ದರೆ ಮಗು ಬದುಕುವುದಿಲ್ಲ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಇದು ಕಂಡಾಗ "ನಾನೇನು ತಪ್ಪು ಮಾಡಿದೆ?" ಎಂದು ತಾಯಂದಿರು ಕೇಳುತ್ತಾರೆ. ತಪ್ಪು ಅವರದ್ದಲ್ಲ. ಇದಕ್ಕೆ ಕಾರಣಗಳು ಹಲವು, ಮಾತ್ರೆ ತೆಗೆದುಕೊಂಡವರಲ್ಲೂ ಅಪರೂಪಕ್ಕೆ ಆಗುವುದುಂಟು. ಆದರೆ ಬಹಳಷ್ಟನ್ನು ತಡೆಯಬಹುದು ಎನ್ನುವುದು ಗಟ್ಟಿ. ಹಿಂದೊಮ್ಮೆ ಇಂಥ ಮಗುವನ್ನು ಹೆತ್ತ ತಾಯಂದಿರ ಮೇಲೆ ಏಳು ದೇಶಗಳಲ್ಲಿ ನಡೆದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಫೋಲಿಕ್ ಆಸಿಡ್ ಪಡೆದವರಲ್ಲಿ ಈ ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗಿತ್ತು.

ಅತ್ತೆಯಂದಿರು ಕೇಳುವುದುಂಟು, "ನಾವು ಯಾವ ಮಾತ್ರೆ ನುಂಗಿದ್ದೆವು ಡಾಕ್ಟ್ರೇ? ಬಸಳೆ, ಹರಿವೆ ತಿಂದೇ ಹೆತ್ತದ್ದಲ್ಲವಾ?" ಅಮ್ಮಾ, ಬಸಳೆ, ಹರಿವೆ, ಹೆಸರುಕಾಳು, ಅಲಸಂಡೆ ಎಲ್ಲದರಲ್ಲೂ ಫೋಲೇಟ್ ಇದೆ, ಸೊಸೆಗೆ ಧಾರಾಳವಾಗಿ ಬಡಿಸಿ. ಆದರೆ ಅದು ಬಿಸಿಗೆ ಒಂದಷ್ಟು ನಾಶವಾಗುತ್ತದೆ, ಬೇಯಿಸಿದ ನೀರು ಚೆಲ್ಲಿದರೆ ಅದರೊಡನೆಯೂ ಹೋಗುತ್ತದೆ. ಮಾತ್ರೆಯಲ್ಲಿರುವುದನ್ನು ದೇಹ ಹೆಚ್ಚು ಚೆನ್ನಾಗಿ ಹೀರಿಕೊಳ್ಳುತ್ತದೆ. ಸೊಪ್ಪೂ ಬೇಕು, ಮಾತ್ರೆಯೂ ಬೇಕು.

ಈ ಮಾತ್ರೆಗೆ ನಮ್ಮ ದೇಶದ ನಂಟೂ ಇದೆ. ಲೂಸಿ ವಿಲ್ಸ್ ಎಂಬ ವೈದ್ಯೆ 1928ರಲ್ಲಿ ಬೊಂಬಾಯಿಗೆ ಬಂದು ಬಸುರಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟ್ ಸಾರ ಕೊಟ್ಟಾಗ ಆ ಬಸುರಿಯರು ಚೇತರಿಸಿಕೊಂಡರು. ಅದರೊಳಗಿದ್ದದ್ದು ಇದೇ ಫೋಲೇಟ್.

ಹೆಚ್ಚಿನವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಅಂಗಡಿಯಲ್ಲಿ 5 ಮಿಲಿಗ್ರಾಂನ ಮಾತ್ರೆಯೂ ಸಿಗುತ್ತದೆ, ಅದು ಹನ್ನೆರಡು ಪಟ್ಟಿಗಿಂತ ಹೆಚ್ಚು. ಹಿಂದಿನ ಮಗುವಿಗೆ ಇಂಥ ದೋಷವಿದ್ದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಫಿಟ್ಸ್‌ಗೆ ಔಷಧಿ ತೆಗೆದುಕೊಳ್ಳುವವರಿಗೆ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಅದನ್ನು ವೈದ್ಯರೇ ಹೇಳಬೇಕು. ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬಸಿರಿಗೆ ಮೊದಲೇ ಹೋಗಿ ಮಾತಾಡಿ, ನಿಮ್ಮದು ವಾಲ್ಪ್ರೊಯೇಟ್ ಎಂಬ ಫಿಟ್ಸ್ ಔಷಧಿ ಆಗಿದ್ದರಂತೂ ತಡಮಾಡಬೇಡಿ. ಮೀನು, ಮೊಟ್ಟೆ ಮುಟ್ಟದವರು ವಿಟಮಿನ್ ಬಿ12 ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಫೋಲಿಕ್ ಆಸಿಡ್ ಹೆಚ್ಚಾದರೆ ಬಿ12 ಕೊರತೆ ಕಣ್ಣಿಗೆ ಬೀಳದೆ ಉಳಿಯಬಹುದು.

ಇದು ಬಸಿರಾಗಲೆಂದು ಕೊಡುವ ಮದ್ದಲ್ಲ. ಹಾಗಾಗಿ ಒಂದೆರಡು ತಿಂಗಳು ಮುಟ್ಟಾಯಿತೆಂದು ಬೇಸರದಿಂದ ಬಿಡಬೇಡಿ. ಒಂದು ದಿನ ಮರೆತರೆ ಮರುದಿನ ಎಂದಿನಂತೆ ಒಂದೇ ನುಂಗಿ. ಯೋಚಿಸದೆಯೇ ಬಸಿರಾದವರು ಗೊತ್ತಾದ ದಿನವೇ ಶುರು ಮಾಡಿ. ಎಲ್ಲರೂ ಬಸಿರಿನ ಹನ್ನೆರಡು ವಾರದವರೆಗೆ ಮುಂದುವರಿಸಿ. ಆಮೇಲೆ ಸರಕಾರದ ಕಬ್ಬಿಣದ ಮಾತ್ರೆ ದಿನವೂ, 180 ದಿನ. ಅದರಲ್ಲಿ ಫೋಲಿಕ್ ಆಸಿಡ್ ಸೇರಿಯೇ ಇರುತ್ತದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ.

ನಮಸ್ಕಾರ.