ಬಾಗಿಲು ಒಳಗಿನಿಂದ ಹಾಕಿತ್ತು

ಕೇಳುಗರೇ, ನಮಸ್ಕಾರ.

ಬಸ್ ನಿಲ್ದಾಣದ ಹೆಂಗಸರ ಶೌಚಾಲಯ. ಒಂದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ಎಷ್ಟು ಹೊತ್ತಾದರೂ ಯಾರೂ ಹೊರಗೆ ಬರಲಿಲ್ಲ. ತಟ್ಟಿದರು, ಕೂಗಿದರು, ಕೊನೆಗೆ ಬಾಗಿಲು ಮುರಿದರು. ಒಬ್ಬಳು ಯುವತಿ ಕೆಳಗೆ ಬಿದ್ದಿದ್ದಾಳೆ, ಉಸಿರಿಲ್ಲ. ಮದುವೆಗೆ ಹೊರಟವಳ ಹಾಗೆ ಒಳ್ಳೆಯ ಸೀರೆ ಉಟ್ಟಿದ್ದಾಳೆ, ಮೈಮೇಲೆ ಒಡವೆ ಮಾತ್ರ ಇಲ್ಲ. ಗುರುತು ಹೇಳುವವರು ಯಾರೂ ಇಲ್ಲ. ಬಾಗಿಲು ಒಳಗಿನಿಂದ ಹಾಕಿತ್ತಲ್ಲ, ಹಾಗಾದರೆ ಅವಳೇ ಏನೋ ಮಾಡಿಕೊಂಡಿರಬೇಕು. ಠಾಣೆಯಲ್ಲಿ ಯು.ಡಿ.ಆರ್. ಅಂತ ಬರೆದುಕೊಂಡರು, ಅಂದರೆ ಅಸಹಜ ಸಾವಿನ ವರದಿ. ಕಡತ ಕಟ್ಟಿ ಇಟ್ಟರು.

ಹೀಗೆ ಮೈಸೂರಿನಲ್ಲಿ ಆಯಿತು, ಬೆಂಗಳೂರಿನಲ್ಲಿ ಆಯಿತು, ಮಡಿಕೇರಿಯಲ್ಲಿ ಆಯಿತು, ಹಾಸನದಲ್ಲಿ ಆಯಿತು. ಒಂದು ಊರಿನ ಠಾಣೆಗೆ ಇನ್ನೊಂದು ಊರಿನ ಕಡತ ಗೊತ್ತಿರಲಿಲ್ಲ. 2003ರಿಂದ 2009ರ ನಡುವೆ ಇಪ್ಪತ್ತು ಹೆಣ್ಣುಮಕ್ಕಳು. 2009ರ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದವನನ್ನು ನೀವೆಲ್ಲ ಸಯನೈಡ್ ಮೋಹನ ಎಂಬ ಹೆಸರಿನಿಂದ ಬಲ್ಲಿರಿ. ದಕ್ಷಿಣ ಕನ್ನಡದವನು, ಬಂಟ್ವಾಳ ತಾಲ್ಲೂಕಿನವನು. ಸಂಸಾರಸ್ಥ. ಹಿಂದೆ ಪ್ರಾಥಮಿಕ ಶಾಲೆಯಲ್ಲಿ ಮಾಸ್ಟ್ರಾಗಿದ್ದವನು.

ನಾನು ಕಾಲೇಜಿನಲ್ಲಿ ಬಹಳ ವರ್ಷ ಮನಃಶಾಸ್ತ್ರ ಪಾಠ ಮಾಡಿದವಳು. ಆ ಸುದ್ದಿ ಬಂದ ವಾರ ತರಗತಿಯಲ್ಲಿ ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ. ಮೇಡಂ, ಅವನು ಮನುಷ್ಯನಾ? ಅವನಿಗೆ ಹುಚ್ಚಾ? ಅಂದು ನಾನು ಕೊಟ್ಟ ಉತ್ತರ ಪಠ್ಯಪುಸ್ತಕದ್ದು. ಆಮೇಲೆ ವರ್ಷಗಟ್ಟಲೆ ಆ ಉತ್ತರ ನನ್ನನ್ನು ಕೊರೆಯುತ್ತಲೇ ಇತ್ತು. ಇವತ್ತು ಅದನ್ನೇ ಮತ್ತೊಮ್ಮೆ, ಸ್ವಲ್ಪ ನಿಧಾನವಾಗಿ, ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಹುಚ್ಚು ಎಂಬ ಮಾತನ್ನು ಮೊದಲು ಬದಿಗಿಡೋಣ. ಮನೋರೋಗ ಇರುವವರು ತಮ್ಮ ಕಷ್ಟದಲ್ಲಿ ತಾವೇ ಬೇಯುತ್ತಿರುತ್ತಾರೆ, ಅವರ ಮೇಲೆ ಈ ಕಳಂಕವನ್ನೂ ಹೊರಿಸುವುದು ನನಗೆ ಸಹಿಸಲಾಗದ ಸಂಗತಿ. ಮೋಹನನ ವಿಷಯವನ್ನೇ ನೋಡಿ. ನ್ಯಾಯಾಲಯದಲ್ಲಿ ತನ್ನ ಪರವಾಗಿ ತಾನೇ ವಾದ ಮಾಡಿದ, ಸಾಕ್ಷಿಗಳನ್ನು ತಾನೇ ಪ್ರಶ್ನಿಸಿದ. ಹೆಣ್ಣಿನ ಜಾತಿ ಯಾವುದೆಂದು ತಿಳಿದುಕೊಂಡು ಆ ಜಾತಿಗೆ ಹೊಂದುವ ಹೆಸರು ಇಟ್ಟುಕೊಳ್ಳುತ್ತಿದ್ದ. ಸರಕಾರಿ ಕೆಲಸದಲ್ಲಿದ್ದೇನೆ, ವರದಕ್ಷಿಣೆ ಬೇಡ, ಮನೆಯಲ್ಲಿ ಹೇಳಬೇಡ, ಮದುವೆಯಾಗಿ ಬಂದು ಕಾಲಿಗೆ ಬೀಳೋಣ ಎಂಬಂಥ ಮಾತುಗಳಿಂದ ನಂಬಿಸಿ ದೂರದ ಊರಿಗೆ ಕರೆದೊಯ್ಯುತ್ತಿದ್ದ. ಲಾಡ್ಜಿನಲ್ಲಿ ರಾತ್ರಿ ಕಳೆದು ಬೆಳಗಾದ ಮೇಲೆ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲಿ, ಶೌಚಾಲಯಕ್ಕೆ ಹೋಗಿ ನುಂಗು ಎಂದು ಹೇಳಿ ಸಯನೈಡ್ ವಿಷದ ಮಾತ್ರೆ ಕೊಡುತ್ತಿದ್ದ. ಒಡವೆ ಲಾಡ್ಜಿನ ಕೋಣೆಯಲ್ಲೇ ಉಳಿದಿರುತ್ತಿತ್ತು, ಅದು ಅವನ ಪಾಲಾಗುತ್ತಿತ್ತು. ಇದರಲ್ಲಿ ಬುದ್ಧಿ ಕೆಟ್ಟವನ ಕೆಲಸ ಎಲ್ಲಿದೆ?

ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ 2005ರಲ್ಲಿ ಸ್ಯಾನ್ ಆಂಟೋನಿಯೊ ಎಂಬ ಊರಿನಲ್ಲಿ ಸರಣಿ ಹತ್ಯೆಯ ವಿಷಯಕ್ಕೆಂದೇ ಪೊಲೀಸರನ್ನು, ಮನೋವೈದ್ಯರನ್ನು, ವಕೀಲರನ್ನು, ಸಂಶೋಧಕರನ್ನು ಒಟ್ಟಿಗೆ ಕೂರಿಸಿತ್ತು. ಸರಣಿ ಹಂತಕ ಎನ್ನಲು ಮೂರು ಕೊಲೆಯಾದರೂ ಆಗಿರಬೇಕು ಎನ್ನುತ್ತಿದ್ದವರು ಅಲ್ಲಿಯವರೆಗೆ ಇದ್ದರು. ಬೇರೆ ಬೇರೆ ಸಂದರ್ಭಗಳಲ್ಲಿ ಇಬ್ಬರನ್ನು ಕೊಂದರೂ ಸರಣಿ ಹಂತಕನೆಂದೇ ಕರೆಯಬೇಕು ಎಂದು ಅಲ್ಲಿ ಒಪ್ಪಿದರು. ನನಗೆ ಮುಖ್ಯ ಅನ್ನಿಸಿದ್ದು ಅವರು ಹೇಳಿದ ಇನ್ನೊಂದು ಮಾತು. ಇಂಥವರಲ್ಲಿ ಹೆಚ್ಚಿನವರು ಕಾಡಿನಂಚಿನಲ್ಲಿ ಒಂಟಿಯಾಗಿ ಬದುಕುವ ವಿಚಿತ್ರ ಪ್ರಾಣಿಗಳಾಗಿರುವುದಿಲ್ಲ. ಮನೆ, ಮಕ್ಕಳು, ಕೆಲಸ ಎಲ್ಲ ಇರುತ್ತದೆ. ಇಂಥದ್ದೊಂದೇ ಕಾರಣದಿಂದ ಮನುಷ್ಯ ಹೀಗಾಗುತ್ತಾನೆ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ ಎಂದೂ ಅವರು ಬರೆದರು.

ಆದರೂ ಜನ ಒಂದೇ ಕಾರಣವನ್ನು ಹುಡುಕುತ್ತಾರೆ. 1963ರಲ್ಲಿ ಮ್ಯಾಕ್‌ಡೊನಾಲ್ಡ್ ಎಂಬ ಮನೋವೈದ್ಯರು ಒಂದು ಲೇಖನ ಬರೆದರು. ಕೊಲ್ಲುತ್ತೇನೆಂದು ಬೆದರಿಸುವ ರೋಗಿಗಳಲ್ಲಿ ಕೆಲವರ ಬಾಲ್ಯದಲ್ಲಿ ಮೂರು ಸಂಗತಿಗಳು ಕಂಡವು ಎಂದರು: ಪ್ರಾಣಿಗಳಿಗೆ ಹಿಂಸೆ ಕೊಡುವುದು, ಬೆಂಕಿ ಹಚ್ಚುವುದು, ದೊಡ್ಡವರಾದರೂ ಹಾಸಿಗೆ ಒದ್ದೆ ಮಾಡುವುದು. ಆಮೇಲಿನ ಅಧ್ಯಯನಗಳಲ್ಲಿ ಈ ಮೂರರ ಗಂಟು ನಿಲ್ಲಲಿಲ್ಲ. ಆದರೆ ಮಾತು ಊರೂರು ಸುತ್ತಿತು. ಒಮ್ಮೆ ಒಬ್ಬ ತಾಯಿ ಒಂಬತ್ತು ವರ್ಷದ ಮಗನನ್ನು ಹೊರಗೆ ಕೂರಿಸಿ, ನನ್ನ ಬಳಿ ದನಿ ತಗ್ಗಿಸಿ ಕೇಳಿದರು. "ಮೇಡಂ, ಇವನು ರಾತ್ರಿ ಹಾಸಿಗೆ ಒದ್ದೆ ಮಾಡ್ತಾನೆ. ಟೀವಿಯಲ್ಲಿ ಹೇಳಿದ್ರು... ಮುಂದೆ ಏನಾದ್ರೂ?" ಆ ಹುಡುಗನ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ತಾಯಂದಿರೇ, ದಯವಿಟ್ಟು ಕೇಳಿ. ಹಾಸಿಗೆ ಒದ್ದೆ ಮಾಡುವ ಮಗುವಿಗೆ ಬೇಕಾದದ್ದು ಒಣಗಿದ ಹೊದಿಕೆ, ಸಮಾಧಾನ, ಬೇಕಿದ್ದರೆ ಮಕ್ಕಳ ವೈದ್ಯರು. ನಾಯಿಮರಿಯನ್ನು ಹಿಂಸಿಸಿ ಖುಷಿಪಡುವ ಮಗುವಿನ ವಿಷಯ ಬೇರೆ. ಅಲ್ಲಿ ಮಾತ್ರ ಸುಮ್ಮನಿರಬೇಡಿ. ಬಹಳ ಸಲ ಆ ಮಗುವನ್ನೇ ಯಾರೋ ಹಿಂಸಿಸುತ್ತಿರುತ್ತಾರೆ.

ಹಾಗಾದರೆ ಈ ಜನರ ಒಳಗೆ ಏನಿರುತ್ತದೆ? ಕರುಣೆ ಇರುವುದಿಲ್ಲ ಎಂದು ಹೇಳಿ ಮುಗಿಸಿಬಿಡುತ್ತೇವೆ. ನಾನು ತರಗತಿಯಲ್ಲಿ ಹಾಗೆಯೇ ಹೇಳಿದ್ದು, ಅದು ಅರ್ಧ ಉತ್ತರ. ಮನಃಶಾಸ್ತ್ರದಲ್ಲಿ ಅನುಭೂತಿಯನ್ನು ಎರಡಾಗಿ ಬಿಡಿಸಿ ನೋಡುತ್ತಾರೆ. ಇನ್ನೊಬ್ಬರ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ಅರಿಯುವುದು ಒಂದು, ಅದನ್ನು ಅರಿತಾಗ ನಮ್ಮ ಕರುಳೂ ಚುರ್ ಅನ್ನುವುದು ಇನ್ನೊಂದು. ಕೆನಡಾದ ರಾಬರ್ಟ್ ಹೇರ್ ಸೈಕೋಪತಿಯನ್ನು ಅಳೆಯಲು 20 ಅಂಶಗಳ ಒಂದು ಪಟ್ಟಿ ಮಾಡಿದ್ದಾರೆ. ನಯವಾದ ಮಾತು, ಸುಳ್ಳು, ಪಶ್ಚಾತ್ತಾಪ ಇಲ್ಲದಿರುವುದು, ಬೇರೆಯವರನ್ನು ಕೈಗೊಂಬೆ ಮಾಡಿಕೊಳ್ಳುವುದು ಎಲ್ಲ ಅದರಲ್ಲಿ ಬರುತ್ತವೆ. ಇಂಥವರಲ್ಲಿ ಕರುಳು ಚುರ್ ಅನ್ನುವುದು ಸತ್ತಿರುತ್ತದೆ, ಅರಿಯುವ ಶಕ್ತಿ ಮಾತ್ರ ಚೆನ್ನಾಗಿಯೇ ಇರುತ್ತದೆ. ಸರಣಿ ಹಂತಕರೆಲ್ಲ ಆ ಪಟ್ಟಿಗೆ ಸಿಗುತ್ತಾರೆಂದು ನಾನು ಹೇಳುತ್ತಿಲ್ಲ. ಆ ಪಟ್ಟಿಗೆ ಸಿಗುವವರಲ್ಲಿ ಬಹಳ ಮಂದಿ ಯಾರನ್ನೂ ಕೊಲ್ಲುವುದೂ ಇಲ್ಲ. ಆದರೆ ಆ ಬಂಟ್ವಾಳದ ಮನುಷ್ಯನ ಕೆಲಸವನ್ನು ನೋಡುವಾಗ ನನಗೆ ಕಾಣುವುದು ಇದು. ನಮ್ಮ ಹಳ್ಳಿಗಳಲ್ಲಿ ಮೂವತ್ತರ ಹತ್ತಿರ ಬಂದೂ ಮದುವೆಯಾಗದ, ವರದಕ್ಷಿಣೆ ಹೊಂದಿಸಲಾಗದ ಮನೆಯ ಹೆಣ್ಣುಮಗಳ ಎದೆಯಲ್ಲಿ ಏನಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವಳ ಅಣ್ಣನಿಗಿಂತ, ಅಪ್ಪನಿಗಿಂತ ಚೆನ್ನಾಗಿ ಗೊತ್ತಿತ್ತು.

ಬೆಂಗಳೂರಿನ ಕೆಂಪಮ್ಮನ ವಿಷಯವೂ ಹೀಗೆಯೇ. ಸಯನೈಡ್ ಮಲ್ಲಿಕಾ ಎಂದು ಪತ್ರಿಕೆಗಳು ಕರೆದದ್ದು ಅವಳನ್ನೇ. 1999ರಲ್ಲಿ ಒಂದು, ಎಂಟು ವರ್ಷ ಬಿಟ್ಟು 2007ರ ಕೊನೆಯ ತಿಂಗಳುಗಳಲ್ಲಿ ಐದು ಕೊಲೆ. ಅವಳು ದೇವಸ್ಥಾನಗಳಲ್ಲಿ ಕೂರುತ್ತಿದ್ದಳು. ಮಕ್ಕಳಿಲ್ಲವೆಂದೋ, ಸಂಸಾರದಲ್ಲಿ ಕಷ್ಟವೆಂದೋ ದೇವರ ಮುಂದೆ ಕಣ್ಣೀರು ಹಾಕುವ ಹೆಂಗಸರನ್ನು ಮಾತಾಡಿಸುತ್ತಿದ್ದಳು. ಒಂದು ಪೂಜೆ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ, ಇರುವ ಒಡವೆಯೆಲ್ಲ ಹಾಕಿಕೊಂಡು ಬಾ ಎನ್ನುತ್ತಿದ್ದಳು. ಆಮೇಲೆ ತೀರ್ಥ ಎಂದು ಕೊಟ್ಟದ್ದರಲ್ಲಿ ವಿಷ.

ಚಿನ್ನದಾಸೆಗೆ ಮಾಡಿದರು ಎಂದು ನೀವು ಹೇಳಬಹುದು. ಚಿನ್ನದಾಸೆ ಇತ್ತು, ನಿಜ. ಚಿನ್ನ ಕದಿಯುವುದಕ್ಕೆ ಕೊಲ್ಲಲೇಬೇಕೆಂದಿಲ್ಲ. ಮೊದಲ ಸಲ ಕೊಂದಾಗ ಏನೂ ಆಗಲಿಲ್ಲ, ಯಾರೂ ಬಂದು ಕೇಳಲಿಲ್ಲ. ಎರಡನೆಯ ಸಲ ಭಯ ಇನ್ನಷ್ಟು ಇಳಿದಿರುತ್ತದೆ. ಒಂದು ಜೀವ ತನ್ನ ಒಂದು ಮಾತಿನ ಮೇಲೆ ನಿಂತಿದೆ ಎಂಬ ಅಮಲು ಅದರ ಜೊತೆಗೆ ಸೇರಿಕೊಂಡರೆ, ಹತ್ತನೆಯದಕ್ಕೆ ಬರುವಷ್ಟರಲ್ಲಿ ಅದು ಅವನಿಗೆ ಕೆಲಸವಾಗಿಬಿಟ್ಟಿರುತ್ತದೆ ಎಂದು ನನ್ನ ನಂಬಿಕೆ.

ಒಮ್ಮೆಗೇ ಹತ್ತಾರು ಜನರನ್ನು ಕೊಲ್ಲುವವನ ದಾರಿ ಬೇರೆ. 2011ರ ಜುಲೈ 22ರಂದು ನಾರ್ವೆಯಲ್ಲಿ ಒಬ್ಬ 77 ಜನರನ್ನು ಕೊಂದ. ಅವರಲ್ಲಿ 69 ಮಂದಿ ಉಟೋಯಾ ದ್ವೀಪದಲ್ಲಿ ಸತ್ತವರು, ಹೆಚ್ಚಿನವರು ಬೇಸಿಗೆ ಶಿಬಿರಕ್ಕೆ ಬಂದಿದ್ದ ಎಳೆಯರು. ಮೊದಲ ತಂಡದ ಮನೋವೈದ್ಯರು ಅವನಿಗೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇದೆ ಎಂದರು, ಎರಡನೆಯ ತಂಡ ಇಲ್ಲ ಎಂದಿತು. ಬುದ್ಧಿ ನೆಟ್ಟಗಿದ್ದೇ ಮಾಡಿದ್ದಾನೆ ಎಂದು ನ್ಯಾಯಾಲಯ 2012ರಲ್ಲಿ ತೀರ್ಪು ಕೊಟ್ಟಿತು. ಅವನ ಹೆಸರನ್ನು ನಾನು ಹೇಳುವುದಿಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ 2019ರಲ್ಲಿ ಮಸೀದಿಗಳಿಗೆ ನುಗ್ಗಿ 51 ಮಂದಿಯನ್ನು ಕೊಂದವನ ಹೆಸರನ್ನು ಆ ದೇಶದ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಬಾಯಲ್ಲಿ ತರಲೇ ಇಲ್ಲ. ಅವರು ಮಾಡಿದ್ದು ಸರಿ ಎಂದು ನನಗನ್ನಿಸುತ್ತದೆ. ಲೋಕ ನನಗೆ ಅನ್ಯಾಯ ಮಾಡಿತು ಎಂಬ ಕುದಿತವನ್ನು ವರ್ಷಗಟ್ಟಲೆ ಒಳಗೆ ಸಾಕಿಕೊಂಡು, ಒಂದೇ ದಿನದಲ್ಲಿ ಹೆಸರು ಮಾಡಲು ಹೊರಟವರು ಇಂಥವರು. ಮೋಹನನಿಗಾದರೋ ಹೆಸರೇ ಬೇಡವಾಗಿತ್ತು, ಊರಿಗೊಂದು ಹೆಸರಿಟ್ಟುಕೊಂಡು ತಿರುಗಿದವನು.

ಇನ್ನೊಂದು ವ್ಯತ್ಯಾಸವಿದೆ. ಒಮ್ಮೆಗೇ ಕೊಲ್ಲುವವರು ಎಷ್ಟೋ ಸಲ ಮೊದಲೇ ಯಾರಿಗಾದರೂ ಹೇಳಿರುತ್ತಾರೆ. 1966ರ ಆಗಸ್ಟ್ 1ರಂದು ಟೆಕ್ಸಸ್ ವಿಶ್ವವಿದ್ಯಾಲಯದ ಗೋಪುರ ಹತ್ತಿ ಗುಂಡು ಹಾರಿಸಿದ ವಿದ್ಯಾರ್ಥಿ, ಅದೇ ಮಾರ್ಚ್ ತಿಂಗಳಲ್ಲಿ ವಿಶ್ವವಿದ್ಯಾಲಯದ ಮನೋವೈದ್ಯರ ಮುಂದೆ ಕೂತು, ಬಂದೂಕು ಹಿಡಿದು ಆ ಗೋಪುರ ಹತ್ತಿ ಜನರನ್ನು ಹೊಡೆಯುವ ಯೋಚನೆ ಬರುತ್ತದೆ ಎಂದಿದ್ದ. ತನ್ನ ಮೆದುಳನ್ನು ಪರೀಕ್ಷಿಸಿ ಎಂದು ಪತ್ರವನ್ನೂ ಬರೆದಿಟ್ಟಿದ್ದ. ಮರಣೋತ್ತರ ಪರೀಕ್ಷೆಯಲ್ಲಿ ಗಡ್ಡೆ ಸಿಕ್ಕಿತು. ಅದೇ ಕಾರಣವೆಂದು ತಜ್ಞರ ಸಮಿತಿಗೆ ಖಚಿತವಾಗಿ ಹೇಳಲಾಗಲಿಲ್ಲ.

ಸರಣಿ ಹಂತಕರ ಕಡೆಗೆ ಮರಳೋಣ. ಇಂಗ್ಲೆಂಡಿನ ಹೈಡ್ ಎಂಬ ಊರಿನ ಡಾಕ್ಟರ್ ಹೆರಾಲ್ಡ್ ಶಿಪ್‌ಮನ್ ತನ್ನ ರೋಗಿಗಳನ್ನು ನೋವುನಿವಾರಕ ಚುಚ್ಚುಮದ್ದಿನಿಂದ ಕೊಂದ. ಬಹುತೇಕ ವಯಸ್ಸಾದ ಹೆಂಗಸರು. ನ್ಯಾಯಮೂರ್ತಿ ಜಾನೆಟ್ ಸ್ಮಿತ್ ಅವರ ವಿಚಾರಣೆ 2002ರಲ್ಲಿ 215 ಜನರನ್ನು ಲೆಕ್ಕ ಹಾಕಿತು. ಏಕೆ ಕೊಂದ ಎಂಬುದು ಮಾತ್ರ ಸಿಗಲಿಲ್ಲ. ಅವನು ಬಾಯಿ ಬಿಡಲಿಲ್ಲ, 2004ರಲ್ಲಿ ಜೈಲಿನಲ್ಲೇ ಪ್ರಾಣ ಕಳೆದುಕೊಂಡ. ಆದರೆ ಆ ಊರಿನಲ್ಲಿ ಜಾನ್ ಶಾ ಎಂಬ ಟ್ಯಾಕ್ಸಿ ಚಾಲಕ ಇದ್ದ. ತನ್ನ ಕಾರಿನಲ್ಲಿ ಓಡಾಡುತ್ತಿದ್ದ, ಗಟ್ಟಿಮುಟ್ಟಾಗಿದ್ದ ಅಜ್ಜಿಯಂದಿರು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ, ಎಲ್ಲರಿಗೂ ಅದೇ ಡಾಕ್ಟರು ಎಂದು ಅವನು ಗಮನಿಸಿದ್ದ. ಅಷ್ಟು ದೊಡ್ಡ ಡಾಕ್ಟರ ಮೇಲೆ ಟ್ಯಾಕ್ಸಿಯವನ ಮಾತು ಯಾರು ಕೇಳುತ್ತಾರೆ ಎಂದು ವರ್ಷಗಳೇ ನುಂಗಿಕೊಂಡಿದ್ದ. 1998ರ ಮಾರ್ಚಿನಲ್ಲಿ ಇನ್ನೊಬ್ಬ ವೈದ್ಯೆ ಅನುಮಾನ ಹೇಳಿದಾಗ ಪೊಲೀಸರು ಮೇಲೆ ಮೇಲೆ ನೋಡಿ ಕೈಬಿಟ್ಟರು. ಆಮೇಲೆ ಇನ್ನೂ ಮೂವರು ಸತ್ತರು.

ನಮ್ಮಲ್ಲಿ ಯಾರು ಗಮನಿಸಬೇಕಿತ್ತು? ಇದು ನನಗೆ ಬಹಳ ಸಂಕಟದ ಮಾತು. ಒಂದೊಂದಾಗಿ ಎಷ್ಟೋ ಮನೆಗಳಿಂದ ಹೆಣ್ಣುಮಕ್ಕಳು ಹೋಗಿದ್ದರು. ಓಡಿಹೋದಳು ಎಂಬ ಒಂದು ಪದ ನಮ್ಮ ಬಾಯಲ್ಲಿ ಸಿದ್ಧವಾಗಿರುತ್ತದೆ. ಆ ಪದ ಬಂದ ಕೂಡಲೇ ಮನೆಯವರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ದೂರು ಕೊಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ, ತಂಗಿಯ ಮದುವೆ ನಿಲ್ಲುತ್ತದೆ. ನೆರೆಯವರೂ ಕೇಳುವುದಿಲ್ಲ, ಕೇಳಬಾರದೆಂದು. ಮೋಹನ ಮನೆಯಲ್ಲಿ ಹೇಳಬೇಡ ಎಂದದ್ದಕ್ಕೆ ಮನೆಯವರೇ ಹೀಗೆ ಕಾವಲು ನಿಂತಂತಾಯಿತು. 2009ರ ಜೂನ್‌ನಲ್ಲಿ ಬಂಟ್ವಾಳದ ಬರಿಮಾರಿನ ಒಬ್ಬ ಯುವತಿ ಕಾಣೆಯಾದಾಗ ಅವಳ ಕಡೆಯವರು ಸುಮ್ಮನಿರಲಿಲ್ಲ. ಅಲ್ಲೂ ಮೊದಲು ಹಬ್ಬಿದ್ದು ತಪ್ಪು ಕತೆಯೇ, ಬೇರೆ ಧರ್ಮದ ಹುಡುಗನ ಜೊತೆ ಹೋಗಿದ್ದಾಳೆ ಎಂದು. ಠಾಣೆಯ ಮುಂದೆ ಜನ ಸೇರಿ ಗಲಾಟೆಯಾಯಿತು. ಇಲ್ಲದ ಆ ಹುಡುಗನನ್ನು ಹುಡುಕಲು ಪೊಲೀಸರು ಅವಳ ಫೋನ್ ಕರೆಗಳ ಪಟ್ಟಿ ತೆಗೆದರು. ಒಂದು ನಂಬರಿನಿಂದ ಇನ್ನೊಂದು, ಅದರಿಂದ ಮತ್ತೊಂದು. ಆ ನಂಬರುಗಳಲ್ಲಿ ಕೆಲವು ಕಾಣೆಯಾದ ಬೇರೆ ಹೆಣ್ಣುಮಕ್ಕಳವು.

2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮೋಹನನಿಗೆ ಮರಣದಂಡನೆ ವಿಧಿಸಿತು. ಮುಂದೆ ಹೈಕೋರ್ಟ್ ಒಂದು ಪ್ರಕರಣದಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. ಇಪ್ಪತ್ತನೆಯ, ಕೊನೆಯ ಪ್ರಕರಣದ ಶಿಕ್ಷೆ ಪ್ರಕಟವಾದದ್ದು 2020ರ ಜೂನ್‌ನಲ್ಲಿ.

ಅವನು ಸಿಕ್ಕಿದ ಮೇಲೆ ಊರೂರಿನ ಠಾಣೆಗಳಲ್ಲಿ ಹಳೆಯ ಯು.ಡಿ.ಆರ್. ಕಡತಗಳನ್ನು ಬಿಚ್ಚಬೇಕಾಯಿತು. ಗುರುತು ಸಿಗದ ಹೆಣಗಳ ಫೋಟೊಗಳು ಅವುಗಳಲ್ಲಿ ಇದ್ದವು. ಎಲ್ಲೋ ಗಂಡನ ಜೊತೆ ಸುಖವಾಗಿರಬಹುದು, ಸಿಟ್ಟು ಇಳಿದ ಮೇಲೆ ಒಂದು ದಿನ ಬಂದಾಳು ಎಂದುಕೊಂಡಿದ್ದ ತಾಯಂದಿರ ಕೈಗೆ ಆ ಫೋಟೊ ಕೊಟ್ಟು, ನೋಡಿ ಅಮ್ಮ, ಈ ಸೀರೆ ನಿಮಗೆ ಗೊತ್ತಾ ಎಂದು ಕೇಳಬೇಕಾಯಿತು.

ನಮಸ್ಕಾರ.