ಆರ್ಡರ್ ಮಾಡಿದ್ದು ಒಂದು, ಬಂದದ್ದು ಇನ್ನೊಂದು

ಕೇಳುಗರಿಗೆ ನಮಸ್ಕಾರ.

ಒಂದು ದಿನ ರಾತ್ರಿ ಹನ್ನೊಂದೂಮುಕ್ಕಾಲಿಗೆ ನನ್ನ ಫೋನಿಗೆ ಮೆಸೇಜ್ ಬಂತು. ಎರಡೇ ಪದ. "ಸದ್ದು ಮಾಡುತ್ತಿದೆ."

ನಾನು ಆನ್‌ಲೈನಿನಲ್ಲಿ ಗೋಡೆ ಗಡಿಯಾರ ಮಾರುತ್ತೇನೆ. ಗಡಿಯಾರ ಅಂದ ಮೇಲೆ ಸದ್ದು ಮಾಡದೆ ಇನ್ನೇನು ಮಾಡೀತು ಅಂದುಕೊಂಡೆ. ಅರ್ಧ ನಿದ್ದೆಯಲ್ಲೇ ಉತ್ತರ ಬರೆದೆ: "ಬ್ಯಾಟರಿ ಸರಿಯಾಗಿ ಕೂತಿದೆಯಾ, ಒಮ್ಮೆ ನೋಡಿ." ಕಳಿಸಿ ಮಗ್ಗಲು ಬದಲಿಸಿ ಮಲಗಿದೆ. ಏನೋ ದೊಡ್ಡ ಸೇವೆ ಮಾಡಿದ ಸಮಾಧಾನ ಬೇರೆ.

ಬೆಳಿಗ್ಗೆ ಎದ್ದು ನೋಡಿದರೆ ಹದಿನಾಲ್ಕು ಮೆಸೇಜ್.

ವಿಷಯ ಇಷ್ಟೇ. ನನ್ನ ಹತ್ತಿರ ಎರಡು ಗಡಿಯಾರ ಇದ್ದವು. ಒಂದೇ ಮುಖ, ಒಂದೇ ಅಳತೆ, ಒಂದೇ ಡಬ್ಬ. ಒಂದು ಟಿಕ್ ಟಿಕ್ ಅನ್ನುವಂಥದ್ದು, ಇನ್ನೊಂದು ಸದ್ದಿಲ್ಲದ್ದು. ಬ್ಯಾಟರಿ ಗಡಿಯಾರದೊಳಗೆ ಒಂದು ಪುಟ್ಟ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತಿರುತ್ತದೆ. ಅದನ್ನು ಎಣಿಸಿ ಎಣಿಸಿ, ಸೆಕೆಂಡಿಗೊಮ್ಮೆ ಮುಳ್ಳನ್ನು ತಳ್ಳಿದರೆ ಟಿಕ್ ಅನ್ನುತ್ತದೆ. ತಳ್ಳದೆ ಒಂದೇ ಸಮ ಜಾರಿಸಿಕೊಂಡು ಹೋದರೆ ಸದ್ದು ಬರುವುದಿಲ್ಲ. ಡಬ್ಬದ ಮೇಲೆ ಈ ವ್ಯತ್ಯಾಸಕ್ಕೆ ಇದ್ದ ಗುರುತು ಕೋಡಿನ ಕೊನೆಯ ಒಂದೇ ಒಂದು ಅಕ್ಷರ. ಮೆಸೇಜ್ ಕಳಿಸಿದ್ದಾಕೆ ಕೇಳಿದ್ದು ಸದ್ದಿಲ್ಲದ ಗಡಿಯಾರ. ಮಗು ಮಲಗುವ ಕೋಣೆಗೆ. ರಾತ್ರಿ ಪೂರ್ತಿ ನಿದ್ದೆ ಮಾಡುವುದನ್ನು ಆಗಷ್ಟೇ ಕಲಿತಿದ್ದ ಮಗುವಂತೆ. ನಾನು ಕಳಿಸಿದ್ದು ಟಿಕ್ ಟಿಕ್.

ಆ ಹದಿನಾಲ್ಕು ಮೆಸೇಜುಗಳನ್ನು ನಾನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ಒಂದು ವಿಷಯ ಕಣ್ಣಿಗೆ ಬಿತ್ತು. ಅದರಲ್ಲಿ ಗಡಿಯಾರದ ಬಗ್ಗೆ ಇದ್ದದ್ದು ಎರಡೋ ಮೂರೋ. ಉಳಿದವೆಲ್ಲ ನನ್ನ ಬ್ಯಾಟರಿ ಮಾತಿನ ಬಗ್ಗೆ. "ನನಗೆ ಬ್ಯಾಟರಿ ಹಾಕಲು ಬರುವುದಿಲ್ಲ ಅಂದುಕೊಂಡಿರಾ?" ಅಂತ ಒಂದು. "ಆರ್ಡರ್ ತೆಗೆದು ನೋಡುವಷ್ಟೂ ಪುರುಸೊತ್ತಿಲ್ವಾ?" ಅಂತ ಇನ್ನೊಂದು. ಆ ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ನಿಜಕ್ಕೂ ತೆಗೆದು ನೋಡಿರಲಿಲ್ಲ.

ತಪ್ಪು ವಸ್ತು ಬಂದವರು ವಸ್ತುವಿಗೋಸ್ಕರ ಅಷ್ಟೊಂದು ಸಿಟ್ಟಾಗುವುದಿಲ್ಲ, ನೋಡಿ. ನಮ್ಮ ತಪ್ಪಿಗೆ ಅವರು ದುಡಿಯಬೇಕಾಗುತ್ತದೆ, ಸಿಟ್ಟು ಅದಕ್ಕೆ. ಹರಿದು ಎಸೆದ ಡಬ್ಬವನ್ನು ಮತ್ತೆ ಹುಡುಕಬೇಕು. ಫೋಟೋ ತೆಗೆಯಬೇಕು. ಆರ್ಡರ್ ನಂಬರ್ ಎಲ್ಲಿದೆ ಅಂತ ತಡಕಾಡಬೇಕು. ಕೊರಿಯರ್‌ನವನು ಬರುತ್ತಾನೆ ಅಂತ ಮನೆಯಲ್ಲೇ ಕಾದು ಕೂರಬೇಕು. ಇಷ್ಟೆಲ್ಲ ಮಾಡುವುದರ ಜೊತೆಗೆ "ನಾನು ಸುಳ್ಳು ಹೇಳುತ್ತಿಲ್ಲ" ಅಂತ ಸಾಬೀತೂ ಮಾಡಬೇಕು. ಹಣ ಕೊಟ್ಟವರೂ ಅವರೇ, ಸಾಕ್ಷಿ ಹೇಳಬೇಕಾದವರೂ ಅವರೇ. ಯಾರಿಗಾದರೂ ಉರಿಯುತ್ತದೆ ಅಲ್ವಾ?

ಹಾಗಾಗಿ ದೂರು ಬಂದ ತಕ್ಷಣ ನಾನು ಈಗ ಮೊದಲು ಮಾಡುವ ಕೆಲಸ, ಉತ್ತರ ಬರೆಯದೆ ಇರುವುದು. ಎರಡು ನಿಮಿಷ. ಆರ್ಡರ್ ತೆಗೆದು ನೋಡುತ್ತೇನೆ. ಆ ದಿನ ಇನ್ನೇನೇನು ಕಳಿಸಿದ್ದೆ ನೋಡುತ್ತೇನೆ. ಕಪಾಟಿನಲ್ಲಿ ಎಷ್ಟು ಉಳಿದಿದೆ ಎಣಿಸುತ್ತೇನೆ. ಒಂದು ಜಾಸ್ತಿ ಇದ್ದು ಇನ್ನೊಂದು ಕಡಿಮೆ ಇದ್ದರೆ ಅಲ್ಲಿಗೆ ಮುಗಿಯಿತು, ತಪ್ಪು ನನ್ನದೇ. ಎಷ್ಟೋ ಸಲ ಗ್ರಾಹಕರಿಂದ ಫೋಟೋ ಕೇಳುವ ಅಗತ್ಯವೇ ಬೀಳುವುದಿಲ್ಲ.

ಆಮೇಲೆ ಉತ್ತರ. ಆವತ್ತು ಬೆಳಿಗ್ಗೆ ಮೂರು ಸಲ ಹೊಡೆದು ಹಾಕಿ ಕೊನೆಗೆ ಬರೆದದ್ದನ್ನು ಓದುತ್ತೇನೆ, ಕೇಳಿ.

"ತಪ್ಪು ನನ್ನದು. ನೀವು ಸದ್ದಿಲ್ಲದ ಗಡಿಯಾರ ಕೇಳಿದ್ದಿರಿ, ನಾನು ಸದ್ದು ಮಾಡುವುದನ್ನು ಕಳಿಸಿದ್ದೇನೆ. ರಾತ್ರಿ ಆರ್ಡರ್ ನೋಡದೆ ಬ್ಯಾಟರಿ ಬಗ್ಗೆ ಕೇಳಿದ್ದೂ ತಪ್ಪು. ಸರಿಯಾದ ಗಡಿಯಾರ ಇಂದು ಮಧ್ಯಾಹ್ನ ಹೊರಡುತ್ತದೆ, ಗುರುವಾರದೊಳಗೆ ತಲುಪಬೇಕು. ಬೇಡ ಅನಿಸಿದರೆ ಹೇಳಿ, ಪೂರ್ತಿ ಹಣ ಈಗಲೇ ವಾಪಸ್ ಹಾಕುತ್ತೇನೆ. ಹಳೆಯದನ್ನು ತೆಗೆದುಕೊಂಡು ಹೋಗಲು ಯಾವ ಹೊತ್ತಿಗೆ ಬಂದರೆ ನಿಮಗೆ ಅನುಕೂಲ?"

ಇದರಲ್ಲಿ ಚಂದದ ಮಾತು ಒಂದೂ ಇಲ್ಲ. ಬೇಕಾಗಿಯೂ ಇರಲಿಲ್ಲ. ಏನು ತಪ್ಪಾಯಿತು ಅಂತ ಹೆಸರು ಹಿಡಿದು ಹೇಳಿದೆ, ಯಾವ ದಿನ ಸರಿಹೋಗುತ್ತದೆ ಅಂತ ಹೇಳಿದೆ, ಬದಲಿ ಬೇಕೋ ಹಣ ಬೇಕೋ ಅನ್ನುವುದನ್ನು ಅವರಿಗೇ ಬಿಟ್ಟೆ. ಇನ್ನೊಂದು ಮೆಸೇಜ್ ಬರೆದು ನನ್ನನ್ನು ಕೇಳಬೇಕಾದ್ದು ಏನೂ ಉಳಿಯಬಾರದು ಅನ್ನುವುದಷ್ಟೇ ನನ್ನ ಲೆಕ್ಕ.

ಇದರ ಬದಲು ಕೆಲವರು ಬರೆಯುತ್ತಾರೆ: "ತಮಗೆ ಯಾವುದೇ ರೀತಿಯ ಅನನುಕೂಲವಾಗಿದ್ದಲ್ಲಿ ವಿಷಾದಿಸುತ್ತೇವೆ." ಆಗಿದ್ದಲ್ಲಿ! ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆಗಿದೆ ಅಂತ ತಾನೇ ಅವರು ಬರೆದಿರುವುದು? ಇನ್ನು ಕೆಲವರು "ನಮ್ಮ ಪ್ಯಾಕಿಂಗ್ ಹುಡುಗ ಹೊಸಬ" ಅನ್ನುತ್ತಾರೆ. ಹುಡುಗನನ್ನು ಮುಂದೆ ತಳ್ಳಿ ತಾವು ಹಿಂದೆ ನಿಲ್ಲುವುದು. ಕೊಂಡವರಿಗೆ ಆ ಹುಡುಗ ಯಾರೋ ಏನೋ. ಅವರು ಹಣ ಕೊಟ್ಟದ್ದು ನಿಮಗೆ.

ಕ್ಷಮೆ ಕೇಳಿದರೆ ಏನು ಬಂತು, ಹಣ ಕೊಟ್ಟರೆ ತಾನೇ ಬಾಯಿ ಮುಚ್ಚುವುದು ಅನ್ನುವವರೂ ಇದ್ದಾರೆ. ಇದನ್ನು ಕೆಲವು ಅರ್ಥಶಾಸ್ತ್ರಜ್ಞರು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಇದ್ದ ತಂಡ ಅದು. ಇಬೇ ಅನ್ನುವ ಆನ್‌ಲೈನ್ ಮಾರಾಟ ತಾಣದಲ್ಲಿ ಮಾರುತ್ತಿದ್ದ ಜರ್ಮನಿಯ ಒಂದು ಕಂಪನಿಯ ಜೊತೆ ಸೇರಿ ಮಾಡಿದರು. 2010ರಲ್ಲಿ ಅದು ಅಚ್ಚಾಯಿತು. ಕೆಟ್ಟ ರೇಟಿಂಗ್ ಕೊಟ್ಟಿದ್ದ ಗ್ರಾಹಕರಲ್ಲಿ ಕೆಲವರಿಗೆ ಬರೀ ಕ್ಷಮೆ ಕೇಳಿ ಬರೆದರು. ಇನ್ನು ಕೆಲವರಿಗೆ ಚಿಕ್ಕದೊಂದು ಮೊತ್ತ ಕೊಡುತ್ತೇವೆ, ರೇಟಿಂಗ್ ತೆಗೆಯಿರಿ ಅಂದರು. ಕ್ಷಮೆ ಕೇಳಿಸಿಕೊಂಡವರಲ್ಲಿ ಶೇಕಡಾ 45 ಮಂದಿ ರೇಟಿಂಗ್ ವಾಪಸ್ ತೆಗೆದುಕೊಂಡರು. ಹಣಕ್ಕೆ ಒಪ್ಪಿದವರು ಶೇಕಡಾ 23.

ನನಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ. ಚಿಲ್ಲರೆ ಕಾಸು ಹಿಡಿದು ಬಂದವನನ್ನು ನೋಡಿದರೆ ಯಾರಿಗೂ ಸಂಶಯ ಬರುತ್ತದೆ. ಹಾಗಂತ ಕ್ಷಮೆಯೊಂದೇ ಸಾಕು ಅಂತ ತಿಳಿಯಬೇಡಿ. ಕ್ಷಮೆ ಕೇಳಿ ಸರಿಯಾದ ವಸ್ತು ಕಳಿಸದಿದ್ದರೆ ಅದು ಗಾಯದ ಮೇಲೆ ಬರೆ.

"ಬಂದದ್ದನ್ನೇ ಇಟ್ಟುಕೊಳ್ಳಿ, ಸ್ವಲ್ಪ ರಿಯಾಯಿತಿ ಕೊಡುತ್ತೇನೆ" ಅನ್ನುವುದು ಇನ್ನೊಂದು ದಾರಿ. ಎಲ್ಲ ಬಾಗಿಲೂ ತೆರೆದಿಟ್ಟ ಮೇಲೆ ಕೊನೆಗೆ ಇದನ್ನೂ ಹೇಳಿದರೆ ಪರವಾಗಿಲ್ಲ, ಕೆಲವರಿಗೆ ಇಷ್ಟವೂ ಆದೀತು. ಮೊದಲ ಮಾತೇ ಇದಾದರೆ ಬೇರೆ ಅರ್ಥ ಬರುತ್ತದೆ. ಮಗು ಮಲಗುವ ಕೋಣೆಗೆ ಟಿಕ್ ಟಿಕ್ ಗಡಿಯಾರವನ್ನು ಅರ್ಧ ಬೆಲೆಗೆ ಕೊಟ್ಟರೂ ಏನು ಮಾಡುತ್ತಾರೆ?

ಈಗ ದೊಡ್ಡ ಪ್ರಶ್ನೆ. ಮೊದಲು ಹಳೆಯದು ವಾಪಸ್ ಬರಬೇಕೋ, ಮೊದಲು ಹೊಸದು ಹೋಗಬೇಕೋ? ಪುಸ್ತಕದ ಪ್ರಕಾರ ಹೋಗುವವರು ಹಳೆಯದು ಕೈಗೆ ಬರಲಿ ಅನ್ನುತ್ತಾರೆ. ನಾನು ಮೊದಲು ಕಳಿಸಿಬಿಡುತ್ತೇನೆ. ಕಾದರೆ ಗ್ರಾಹಕರಿಗೆ ಎರಡು ಪ್ರಯಾಣದಷ್ಟು ತಡವಾಗುತ್ತದೆ. ಹಾಗೆ ಕಳಿಸಿ ಒಂದೆರಡು ಸಲ ಮೋಸ ಹೋಗಿದ್ದೇನೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದಿಬ್ಬರ ಮೋಸಕ್ಕೆ ಹೆದರಿ ಉಳಿದವರೆಲ್ಲರನ್ನೂ ಕಳ್ಳರ ಹಾಗೆ ನೋಡುವುದು ನನಗೆ ಆಗುವುದಿಲ್ಲ. ತುಂಬ ಬೆಲೆಬಾಳುವ ವಸ್ತುವಾದರೆ ಲೆಕ್ಕ ಬೇರೆ. ಆಗಲೂ ಕೊರಿಯರ್‌ನವರು ಹಳೆಯದನ್ನು ಎತ್ತಿಕೊಂಡ ಗಳಿಗೆಯಲ್ಲೇ ಹೊಸದನ್ನು ಹೊರಡಿಸಬಹುದು, ನಮ್ಮ ಮನೆ ಮುಟ್ಟುವ ತನಕ ಕಾಯಬೇಕಿಲ್ಲ. ವಾಪಸಾತಿಯ ಖರ್ಚಂತೂ ನಮ್ಮದೇ. ಇದರಲ್ಲಿ ಎರಡು ಮಾತಿಲ್ಲ. ವಸ್ತು ಅಗ್ಗದ್ದಾಗಿದ್ದು, ತರಿಸುವ ಖರ್ಚೇ ಹೆಚ್ಚಾದರೆ "ನೀವೇ ಇಟ್ಟುಕೊಳ್ಳಿ, ಯಾರಿಗಾದರೂ ಕೊಟ್ಟುಬಿಡಿ" ಅಂದುಬಿಡುವುದು ಇಬ್ಬರಿಗೂ ಸುಖ.

ಇನ್ನು ಮುಂದೆ ಹೇಳುವುದನ್ನು ತುಂಬ ಜನ ಮಾರಾಟಗಾರರೇ ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ.

ಒಂದು ತಪ್ಪು ಪಾರ್ಸೆಲ್ ಹೋಗಿದೆ ಅಂದರೆ ಬಹಳಷ್ಟು ಸಲ ಅದಕ್ಕೊಂದು ಜೋಡಿ ಇರುತ್ತದೆ. ಹೇಗೆ ಗೊತ್ತಾ? ಮೇಜಿನ ಮೇಲೆ ಎರಡು ಡಬ್ಬ ಪಕ್ಕಪಕ್ಕ ಇವೆ. ಪ್ರಿಂಟರಿನಿಂದ ಎರಡು ವಿಳಾಸದ ಚೀಟಿ ಒಟ್ಟಿಗೆ ಬಂದಿವೆ. ಆಗಲೇ ಫೋನ್ ಬಂತು. ಕಿವಿ ಮತ್ತು ಭುಜದ ನಡುವೆ ಫೋನು, ಕೈಯಲ್ಲಿ ಚೀಟಿ. ಈ ಚೀಟಿ ಆ ಡಬ್ಬಕ್ಕೆ, ಆ ಚೀಟಿ ಈ ಡಬ್ಬಕ್ಕೆ. ಟೇಪು ಎಳೆದು ಒತ್ತಿದೆ. ಮುಗೀತು. ಒಂದು ಸಲ ಕೈ ತಪ್ಪಿತು, ಇಬ್ಬರು ಗ್ರಾಹಕರು ಕೆಟ್ಟರು. ಒಬ್ಬರು ಇವತ್ತು ಬೈಯುತ್ತಿದ್ದಾರೆ. ಇನ್ನೊಬ್ಬರು ಇನ್ನೂ ಡಬ್ಬ ತೆರೆದಿಲ್ಲ ಅಷ್ಟೇ.

ಆವತ್ತು ನಾನು ಹುಡುಕಿದೆ. ಅದೇ ದಿನ ಟಿಕ್ ಟಿಕ್ ಗಡಿಯಾರ ಕೇಳಿದ್ದ ಇನ್ನೊಬ್ಬರು ಸಿಕ್ಕರು. ಅವರೇ ದೂರು ಕೊಡುವ ಮೊದಲು ನಾನೇ ಫೋನ್ ಮಾಡಿದೆ. ವಯಸ್ಸಾದವರ ದನಿ. "ಹೌದಪ್ಪ, ನಿನ್ನೆ ಬಂತು. ಓಡುತ್ತಿದೆ, ಆದರೆ ಜೀವ ಇಲ್ಲದ ಹಾಗಿದೆ. ನಾನು ಒಬ್ಬನೇ ಇರುವುದು. ಮನೆಯಲ್ಲಿ ಒಂದು ಸದ್ದು ಇರಲಿ ಅಂತ ತರಿಸಿದ್ದು" ಅಂದರು. ನಾಳಿದ್ದು ಬದಲಾಯಿಸಿ ಕೊಡುತ್ತೇನೆ ಅಂದೆ. ಸಿಟ್ಟಿನ ಮಾತು ಒಂದೂ ಬರಲಿಲ್ಲ. ಸಿಟ್ಟು ಬರುವುದಕ್ಕೆ ಮುಂಚೆಯೇ ನಾನು ಹೋಗಿದ್ದೆ, ಅದಕ್ಕೆ.

ಇದರಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಚೀಟಿ ಸರಿಯಿದ್ದು ಡಬ್ಬದೊಳಗಿನ ಬಿಲ್ ಅದಲುಬದಲಾದರೆ ಒಬ್ಬರ ಹೆಸರು, ವಿಳಾಸ, ಫೋನ್ ನಂಬರ್ ಇನ್ನೊಬ್ಬರ ಕೈ ಸೇರುತ್ತದೆ. ಹಾಗಾದಾಗ ಬಿಲ್ ಹರಿದುಹಾಕಿ ಅಂತ ಇವರನ್ನು ಕೇಳಿಕೊಳ್ಳಬೇಕು, ಹೀಗಾಗಿದೆ ಅಂತ ಅವರಿಗೂ ಹೇಳಬೇಕು. ನುಂಗಲಾರದ ತುತ್ತು, ಆದರೂ ಮುಚ್ಚಿಡುವ ವಿಷಯ ಅಲ್ಲ.

ಕೆಲವರು ನಮಗೆ ಬರೆಯುವ ಮೊದಲೇ ಬ್ಯಾಂಕಿಗೆ ದೂರು ಕೊಟ್ಟಿರುತ್ತಾರೆ. ಆಗ ಗಡಿಬಿಡಿಯಲ್ಲಿ ನಾವೂ ಹಣ ವಾಪಸ್ ಹಾಕಿ, ಬ್ಯಾಂಕೂ ನಮ್ಮಿಂದ ಕಿತ್ತುಕೊಂಡರೆ ಎರಡು ಸಲ ಕೊಟ್ಟ ಹಾಗಾಯಿತು. ಒಂದು ಮಾತು ಕೇಳಿಕೊಂಡು ಮುಂದುವರಿಯಿರಿ. ಮಾತುಕತೆಯೆಲ್ಲ ಆ ಮಾರಾಟ ತಾಣದ ಮೆಸೇಜಿನಲ್ಲೇ ನಡೆಯಲಿ. ಫೋನಿನಲ್ಲಿ ಆಡಿದ್ದನ್ನೂ ಎರಡು ಸಾಲಿನಲ್ಲಿ ಅಲ್ಲೇ ಬರೆದಿಡಿ.

ರೇಟಿಂಗ್ ವಿಷಯಕ್ಕೆ ಬರೋಣ. ಇಬೇ ಶುರುವಾದದ್ದು 1995ರಲ್ಲಿ. ಮರುವರ್ಷವೇ ಅಲ್ಲಿ ಕೊಂಡವರು ಮಾರಿದವರಿಗೆ, ಮಾರಿದವರು ಕೊಂಡವರಿಗೆ ಅಂಕ ಕೊಡುವ ಪದ್ಧತಿ ಬಂತು. ಆಗ ಏನಾಗುತ್ತಿತ್ತು ಅಂದರೆ, ಗ್ರಾಹಕ ಕೆಟ್ಟದ್ದು ಬರೆದರೆ ಮಾರಿದವನೂ ಸೇಡಿಗೆ ಕೆಟ್ಟದ್ದು ಬರೆಯುತ್ತಿದ್ದ. 2008ರಲ್ಲಿ ಅವರು ನಿಯಮವನ್ನೇ ಬದಲಾಯಿಸಿದರು. ಕೊಂಡವರಿಗೆ ಕೆಟ್ಟ ಅಂಕ ಕೊಡಲು ಮಾರುವವರಿಗೆ ಅವಕಾಶ ಇಲ್ಲದಂತೆ ಮಾಡಿದರು. ಸೇಡಿನ ದಾರಿ ಮುಚ್ಚಿತು, ಸೇಡಿನ ಆಸೆ ಮಾತ್ರ ನಮ್ಮಲ್ಲಿ ಹಾಗೇ ಉಳಿದಿದೆ. ಕೆಟ್ಟ ವಿಮರ್ಶೆ ಕಂಡ ಕೂಡಲೇ ಬೆರಳು ತುರಿಸುತ್ತದೆ.

ತಡೆದುಕೊಳ್ಳಿ. ವಿಮರ್ಶೆಯ ಕೆಳಗೆ ನಾವು ಬರೆಯುವ ಉತ್ತರವನ್ನು ಆ ಗ್ರಾಹಕರು ಓದದೆಯೂ ಇರಬಹುದು. ಓದುವವರು ನಾಳೆ ಕೊಳ್ಳಲು ಬರುವವರು. ಅವರಿಗೆ ಗೊತ್ತಾಗಬೇಕಾದ್ದು ಒಂದೇ, ನಾಳೆ ನನಗೆ ಹೀಗಾದರೆ ಈ ಮನುಷ್ಯ ಏನು ಮಾಡುತ್ತಾನೆ? "ತಪ್ಪು ವಸ್ತು ಕಳಿಸಿದ್ದು ನಿಜ. ಮೂರು ದಿನದಲ್ಲಿ ಬದಲಿಸಿದೆವು." ಸಾಕು. ವಿಮರ್ಶೆ ತೆಗೆಯಿರಿ ಅಂತ ಗೋಗರೆಯುವುದು ಬೇಡ. ತೆಗೆದರೆ ಹಣ ಕೊಡುತ್ತೇನೆ ಅನ್ನುವುದಂತೂ ಬೇಡವೇ ಬೇಡ. ಎಷ್ಟೋ ತಾಣಗಳಲ್ಲಿ ಅದು ನಿಯಮಕ್ಕೇ ವಿರುದ್ಧ.

ವ್ಯಾಪಾರದ ಪಾಠ ಹೇಳುವವರು ಒಂದು ಮಾತು ಹೇಳುತ್ತಾರೆ. ತಪ್ಪನ್ನು ಚೆನ್ನಾಗಿ ಸರಿಪಡಿಸಿದರೆ ಗ್ರಾಹಕರು ಮೊದಲಿಗಿಂತ ಹೆಚ್ಚು ಖುಷಿಯಾಗುತ್ತಾರಂತೆ. 1992ರಲ್ಲಿ ಇಬ್ಬರು ಸಂಶೋಧಕರು ಇದಕ್ಕೊಂದು ಹೆಸರನ್ನೂ ಇಟ್ಟರು. ಕೇಳಲು ಚೆನ್ನಾಗಿದೆ. ಆದರೆ 2007ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಖುಷಿ ಹೆಚ್ಚುವುದು ಹೌದು, ಮತ್ತೆ ಅವರ ಹತ್ತಿರವೇ ಕೊಳ್ಳುವ ಮನಸ್ಸು ಹಾಗೆ ಹೆಚ್ಚುವುದು ಕಾಣಲಿಲ್ಲ. ಅಂದರೆ ತಪ್ಪು ಮಾಡಿ ಸರಿಪಡಿಸುವುದರಲ್ಲಿ ಲಾಭ ಇಲ್ಲ, ಸ್ವಾಮಿ.

ಅದಕ್ಕೇ ನಾನು ಆಮೇಲೆ ಪ್ಯಾಕಿಂಗ್ ಮೇಜನ್ನೇ ಬದಲಾಯಿಸಿದೆ. ಈಗ ಮೇಜಿನ ಮೇಲೆ ಒಂದೇ ಡಬ್ಬ, ಒಂದೇ ಚೀಟಿ. ಅದು ಮುಗಿದು ಚೀಲಕ್ಕೆ ಬಿದ್ದ ಮೇಲೆಯೇ ಇನ್ನೊಂದರ ಪ್ರಿಂಟ್. ಒಂದೇ ಥರ ಕಾಣುವ ಎರಡು ಗಡಿಯಾರಗಳು ಈಗ ಕೋಣೆಯ ಎರಡು ಮೂಲೆಯಲ್ಲಿವೆ. ಸದ್ದಿಲ್ಲದ ಡಬ್ಬಗಳಿಗೆಲ್ಲ ದಪ್ಪನೆಯ ಕೆಂಪು ಚುಕ್ಕೆ. ಮುಚ್ಚುವ ಮುಂಚೆ ವಸ್ತು ಮತ್ತು ಚೀಟಿ ಎರಡೂ ಕಾಣುವ ಹಾಗೆ ಒಂದು ಫೋಟೋ. ತೂಕವನ್ನೂ ಬರೆದಿಡುತ್ತೇನೆ. ಬೇರೆಯೇನೋ ಬಂತು ಅಂತ ಯಾರಾದರೂ ಸುಳ್ಳು ಹೇಳಿದರೆ ಕೊರಿಯರ್‌ನವರ ತೂಕದ ಲೆಕ್ಕ ನನ್ನ ಪರವಾಗಿ ಮಾತಾಡುತ್ತದೆ. ಹಾಗೆ ನೋಡಿದರೆ, ಆ ಫೋಟೋ ನನ್ನ ವಿರುದ್ಧವೇ ಸಾಕ್ಷಿ ಹೇಳಿದ್ದು ಜಾಸ್ತಿ.

ಕೊನೆಗೆ ಆ ಮಗುವಿನ ತಾಯಿಯ ವಿಷಯ. ಬದಲಿ ಗಡಿಯಾರ ಗುರುವಾರ ತಲುಪಿತು. ಅವರು ಕೊಟ್ಟ ರೇಟಿಂಗ್ ಐದರಲ್ಲಿ ಮೂರು. ಇವತ್ತಿಗೂ ಮೂರೇ. ನಾನು ಕೇಳಲೂ ಇಲ್ಲ. ಆ ದಿನ ರಾತ್ರಿ ಮತ್ತೆ ಹನ್ನೊಂದರ ಮೇಲೆ ಒಂದು ಮೆಸೇಜ್ ಬಂತು. ಎದೆ ಧಸಕ್ಕೆಂದಿತು. ಈ ಸಲ ಎದ್ದು ಕೂತು, ಕನ್ನಡಕ ಹಾಕಿಕೊಂಡು, ಮೊದಲು ಆರ್ಡರ್ ತೆಗೆದು, ಆಮೇಲೆ ಮೆಸೇಜ್ ತೆರೆದೆ.

"ಸದ್ದಿಲ್ಲ. ಮಲಗಿದೆ."

ನಮಸ್ಕಾರ.