ಹಂಡಿಯಾ ಮತ್ತು ಪಾನನಿರೋಧ: ತೀರ್ಮಾನ ಯಾರದು?

ಸಭಿಕರಿಗೆ ನಮಸ್ಕಾರ.

ನಮ್ಮಲ್ಲಿ ಪಾನನಿರೋಧದ ಚರ್ಚೆ ಸಾಮಾನ್ಯವಾಗಿ ಕುಡುಕನಿಂದ ಆರಂಭವಾಗಿ ಸರ್ಕಾರದ ಬೊಕ್ಕಸದಲ್ಲಿ ಮುಗಿಯುತ್ತದೆ. ಅನ್ನ, ಅಂಬಲಿಗಳಂತೆ ಹೆಂಡವನ್ನೂ ದಿನನಿತ್ಯದ ಬದುಕಿನ ಭಾಗವಾಗಿ ಕಂಡ ಸಮುದಾಯಗಳ ಮಾತು ಅದರಲ್ಲಿ ಕೇಳಿಬರುವುದು ಅಪರೂಪ. 1948ರ ನವೆಂಬರ್ 24ರಂದು ಸಂವಿಧಾನ ಸಭೆಯಲ್ಲಿ ಆ ಮಾತನ್ನು ಎತ್ತಿದವರು ಜೈಪಾಲ್ ಸಿಂಗ್ ಮುಂಡಾ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಭಾರತದ ಹಾಕಿ ತಂಡದ ನಾಯಕರಾಗಿದ್ದ ಅವರು, ಅಂದು ಆದಿವಾಸಿಗಳ ಪ್ರತಿನಿಧಿಯಾಗಿ ನಿಂತು, ಸಂವಿಧಾನದ ಕರಡಿಗೆ ಪಾನನಿರೋಧವನ್ನು ಸೇರಿಸುವ ತಿದ್ದುಪಡಿಯು ಈ ನೆಲದ ಅತ್ಯಂತ ಪ್ರಾಚೀನ ಜನರ ಧಾರ್ಮಿಕ ಹಕ್ಕಿನಲ್ಲಿ ಕೈಹಾಕುತ್ತದೆ ಎಂದು ವಾದಿಸಿದರು.

ಅವರ ಮನಸ್ಸಿನಲ್ಲಿದ್ದುದು ಅಕ್ಕಿಯ ಹೆಂಡ. ಇಂದಿನ ಜಾರ್ಖಂಡ್‌ನ ಛೋಟಾನಾಗಪುರ ಪ್ರದೇಶದಲ್ಲಿ ಅದನ್ನು ಹಂಡಿಯಾ ಎನ್ನುತ್ತಾರೆ. ಬೇಯಿಸಿದ ಅಕ್ಕಿಯನ್ನು ಹರಡಿ ಆರಿಸಿ, ಕಾಡಿನ ಬೇರುಗಳನ್ನು ಅಕ್ಕಿಹಿಟ್ಟಿನೊಂದಿಗೆ ಕಲಸಿ ಒಣಗಿಸಿದ 'ರಾನು' ಗುಳಿಗೆಗಳನ್ನು ಪುಡಿಮಾಡಿ ಬೆರೆಸಿ, ಮಡಕೆಯಲ್ಲಿ ಕೆಲವು ದಿನ ಹುದುಗಲು ಬಿಡುತ್ತಾರೆ. ನಂತರ ನೀರು ಸೇರಿಸಿ, ಸೋಸಿ, ಎಲೆಯ ದೊನ್ನೆಗಳಲ್ಲಿ ಹಂಚುತ್ತಾರೆ. ಕುಡಿಯುವ ಮೊದಲು ಪೂರ್ವಿಕರ ಹೆಸರಿನಲ್ಲಿ ಕೆಲವು ಹನಿಗಳು ನೆಲಕ್ಕೆ ಬೀಳಬೇಕು. ಸುರಿಯುವ ಮಳೆಯಲ್ಲಿ, ಮೊಣಕಾಲುದ್ದದ ಕೆಸರಿನಲ್ಲಿ ದಿನವಿಡೀ ನಿಲ್ಲುವ ಸಂತಾಲ ಆದಿವಾಸಿಗಳಿಗೆ ಈ ಹೆಂಡವನ್ನು ತಪ್ಪಿಸಿದರೆ ಪಶ್ಚಿಮ ಬಂಗಾಳದಲ್ಲಿ ಭತ್ತದ ನಾಟಿಯೇ ಅಸಾಧ್ಯವೆಂದು ಜೈಪಾಲ್ ಸಿಂಗ್ ಸಭೆಗೆ ಹೇಳಿದರು. ಸಭೆ ಒಪ್ಪಲಿಲ್ಲ, ಔಷಧಿಯ ಉದ್ದೇಶವೊಂದನ್ನು ಬಿಟ್ಟು ಮಾದಕ ಪಾನೀಯಗಳ ಸೇವನೆಯನ್ನು ನಿಷೇಧಿಸಲು ಸರ್ಕಾರ ಪ್ರಯತ್ನಿಸಬೇಕೆಂಬ ಮಾತು 47ನೆಯ ವಿಧಿಯಲ್ಲಿ ಸೇರಿತು.

ಆದಿವಾಸಿಗಳೆಲ್ಲರೂ ಸದಾ ಮದ್ಯದ ಪರವಾಗಿದ್ದರೆಂದು ಇದರಿಂದ ತಿಳಿಯಬಾರದು. 1922ರಲ್ಲಿ ದಕ್ಷಿಣ ಗುಜರಾತಿನ ಆದಿವಾಸಿಗಳು, ಸಲಾಬಾಯಿ ಎಂಬ ದೇವಿಯ ಅಪ್ಪಣೆಯೆಂದು ನಂಬಿ, ಹೆಂಡ ಸಾರಾಯಿಗಳನ್ನು ತಾವಾಗಿಯೇ ತೊರೆದರು. ಅದಕ್ಕೆ ಕಾರಣವಿತ್ತು. ವಸಾಹತು ಸರ್ಕಾರ ಅಬಕಾರಿ ಆದಾಯಕ್ಕಾಗಿ ಮನೆಯ ಭಟ್ಟಿಗಳನ್ನು ಮುಚ್ಚಿಸಿತ್ತು. ಮುಂಬಯಿ ಪ್ರಾಂತ್ಯದಲ್ಲಿ 1892ರ ಕಾಯ್ದೆಯೊಂದು, ಸಾರಾಯಿ ಭಟ್ಟಿಯಿಳಿಸಲು ಬಳಸುವ ಇಪ್ಪೆ ಹೂವಿನ ಸಂಗ್ರಹದ ಮೇಲೂ ನಿರ್ಬಂಧ ಹೇರಿತ್ತು. ಮನೆಯಲ್ಲಿ ತಯಾರಾಗುತ್ತಿದ್ದುದನ್ನು ಗುತ್ತಿಗೆದಾರನ ಅಂಗಡಿಯಲ್ಲಿ ಸಾಲ ಮಾಡಿ ಕೊಳ್ಳಬೇಕಾದಾಗ, ಕುಡಿತವನ್ನು ಬಿಡುವುದೇ ಆ ಅಂಗಡಿಯ ಹಿಡಿತದಿಂದ ಪಾರಾಗುವ ದಾರಿಯಾಯಿತು. ಮಾಡಿ ಕುಡಿಯುವ ಹಕ್ಕನ್ನು ಕೇಳಿದ ಜೈಪಾಲ್ ಸಿಂಗ್ ಮತ್ತು ಕುಡಿತವನ್ನೇ ತೊರೆದ ಈ ಜನ ನನಗೆ ಪರಸ್ಪರ ವಿರೋಧಿಗಳಾಗಿ ಕಾಣುವುದಿಲ್ಲ. ತೀರ್ಮಾನ ತಮ್ಮ ಕೈಯಲ್ಲಿರಬೇಕೆಂಬುದೇ ಇಬ್ಬರ ಬೇಡಿಕೆಯಾಗಿತ್ತು.

ಈ ಬೇಡಿಕೆಗೆ ಕಾನೂನಿನ ರೂಪ ದೊರೆತದ್ದು 1996ರ ಪೆಸಾ ಕಾಯ್ದೆಯಲ್ಲಿ, ಅಂದರೆ ಪಂಚಾಯಿತಿ ವ್ಯವಸ್ಥೆಯನ್ನು ಅನುಸೂಚಿತ ಪ್ರದೇಶಗಳಿಗೆ ವಿಸ್ತರಿಸಿದ ಕಾಯ್ದೆಯಲ್ಲಿ. ಆದಿವಾಸಿಗಳು ಹೆಚ್ಚಾಗಿರುವುದರಿಂದ ಸಂವಿಧಾನದಡಿ ಹಾಗೆಂದು ಘೋಷಿಸಲಾದ ಈ ಪ್ರದೇಶಗಳಲ್ಲಿ ಮಾದಕ ವಸ್ತುಗಳ ಮಾರಾಟ ಮತ್ತು ಸೇವನೆಯನ್ನು ನಿಷೇಧಿಸುವ ಇಲ್ಲವೇ ನಿಯಂತ್ರಿಸುವ ಅಧಿಕಾರ ಗ್ರಾಮಸಭೆಗೂ ಪಂಚಾಯಿತಿಗೂ ಸಿಗಬೇಕೆಂದು ಅದು ಹೇಳುತ್ತದೆ. ಕರ್ನಾಟಕದಲ್ಲಿ ಅಂತಹ ಪ್ರದೇಶಗಳನ್ನು ಘೋಷಿಸಿಯೇ ಇಲ್ಲವಾದ್ದರಿಂದ ಆ ಕಾಯ್ದೆ ಇಲ್ಲಿಗೆ ಅನ್ವಯಿಸುವುದಿಲ್ಲ. 2007ರಲ್ಲಿ ಸಾರಾಯಿ ನಿಷೇಧವಾದ ಮೇಲೂ ಬೇರೆ ಮದ್ಯದ ಮಾರಾಟ ಹಳ್ಳಿಗಳಲ್ಲಿ ಮುಂದುವರಿಯಿತು, ಮತ್ತು 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಹಳ್ಳಿಗಳ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಬಂದರು. ತಮ್ಮ ಊರಿನ ಅಂಗಡಿಯ ಬಗ್ಗೆ ತಮ್ಮ ಊರಿನಲ್ಲೇ ತೀರ್ಮಾನಿಸುವ ಅಧಿಕಾರವನ್ನು ಅವರ ಗ್ರಾಮಸಭೆಗಳಿಗೂ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.